ಮೊಣಕೈ ಊರುಗೋಲು, ಒಂದೂವರೆ ವರ್ಷದ ನಂತರ: ಪೈಪು ಗಟ್ಟಿ, ಬುಡದ ರಬ್ಬರ್ ನಂಬಬೇಡಿ

ಐದಕ್ಕೆ ಮೂರೂವರೆ ಸ್ಟಾರ್. ಪೂರ್ತಿ ನಾಲ್ಕು ಕೊಡುತ್ತಿದ್ದೆ, ಜೂನ್ ತಿಂಗಳಲ್ಲಿ ಅರ್ಧ ಕಿತ್ತುಕೊಂಡೆ. ಯಾಕೆ ಅಂತ ಕೆಳಗೆ ಇದೆ.

ನಾನು ಕುಮಟಾದವನು, ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದೇನೆ. 2024ರ ಮಾರ್ಚ್‌ನಲ್ಲಿ ಎಡಗಾಲಿನ ಆಪರೇಷನ್‌ಗೆ ಎರಡು ದಿನ ಮೊದಲು ಈ ಜೋಡಿ ತರಿಸಿದೆ. ಅಲ್ಯುಮಿನಿಯಂ ಪೈಪು, ಪ್ಲಾಸ್ಟಿಕ್ ಹಿಡಿ, ಮುಂಗೈ ಸುತ್ತ ಅರ್ಧ ಬಳೆಯಂಥ ಪಟ್ಟಿ. ಜೋಡಿಗೆ 1,450 ರೂಪಾಯಿ. ಪಾರ್ಸೆಲ್ ಬಿಚ್ಚಿದ ದಿನವೇ ಐದು ಸ್ಟಾರ್ ಕೊಟ್ಟವರ ಮಾತು ಓದಿ ತಗೊಂಡಿದ್ದೆ. ಅದಕ್ಕೇ ನಾನು ಇಷ್ಟು ದಿನ ಕಾದು ಬರೆಯುತ್ತಿದ್ದೇನೆ.

ಕಾಲಿನ ಕಥೆ ಸ್ವಲ್ಪ ಹೇಳಬೇಕು. ಚಿಕ್ಕಂದಿನಿಂದ ನನ್ನದು ಬಿಲ್ಲುಗಾಲು. ಪಾದ ಎರಡೂ ಕೂಡಿಸಿ ನಿಂತರೆ ಮೊಣಕಾಲುಗಳ ನಡುವೆ ಸುಲಿದ ತೆಂಗಿನಕಾಯಿ ಹಿಡಿಯುತ್ತಿತ್ತು. ಶಾಲೆಯಲ್ಲಿ ಹುಡುಗರು ಏನೇನು ಕರೆದರೋ ಬಿಡಿ, ಓಡಾಟಕ್ಕೆ ತೊಂದರೆ ಇರಲಿಲ್ಲ. ನಲವತ್ತು ದಾಟಿದ ಮೇಲೆ ಎಡ ಮೊಣಕಾಲಿನ ಒಳಮಗ್ಗುಲು ನೋಯಲು ಶುರುವಾಯಿತು. ದಿನವಿಡೀ ಗಲ್ಲೆಯ ಹತ್ತಿರ ನಿಂತೇ ಇರುವವನು ನಾನು, ಅದರ ನೋವು ಅಂದುಕೊಂಡು ಐದು ವರ್ಷ ಎಣ್ಣೆ ತಿಕ್ಕಿದೆ. ಕೊನೆಗೆ ಡಾಕ್ಟರು ನಿಲ್ಲಿಸಿ, ಸೊಂಟದಿಂದ ಪಾದದವರೆಗೆ ಒಂದೇ ಉದ್ದದ ಎಕ್ಸ್‌ರೇ ತೆಗೆಸಿದರು. ಚಪ್ಪೆಯ (ಸೊಂಟದ) ಕೀಲಿನಿಂದ ಹರಡಿನ (ಪಾದದ ಗಂಟಿನ) ಕೀಲಿಗೆ ಗೆರೆ ಎಳೆದರೆ ಅದು ಮೊಣಕಾಲಿನ ಹೆಚ್ಚುಕಮ್ಮಿ ನಡುವೆ ಹಾದುಹೋಗಬೇಕಂತೆ. ನನ್ನದು ಒಳಗಡೆ ಎಲ್ಲೋ ಹೊರಟಿತ್ತು. ಮೈಭಾರವೆಲ್ಲ ಒಳಮಗ್ಗುಲಿನ ಮೇಲೆ. ಅಲ್ಲಿಯ ಮೃದ್ವಸ್ಥಿ (ಕೀಲಿನೊಳಗಿನ ಮೆತ್ತನೆಯ ಎಲುಬು) ಸವೆದು ಹೋಗಿದೆ, ಹೊರಮಗ್ಗುಲು ಚೆನ್ನಾಗಿಯೇ ಇದೆ. 46ಕ್ಕೆ ಮೊಣಕಾಲು ಬದಲಿಸುವುದು ಬೇಡ, ಅದರ ಕೆಳಗಿನ ಎಲುಬನ್ನು ಒಳಗಿನಿಂದ ಕೊಯ್ದು, ಸ್ವಲ್ಪ ಬಾಯಿ ಬಿಡಿಸಿ, ಪ್ಲೇಟು ಸ್ಕ್ರೂ ಹಾಕಿ ನೆಟ್ಟಗೆ ಮಾಡೋಣ ಅಂದರು. ನನಗೆ ಕೂಡಲೇ ತಿಳಿಯಿತು. ಬಾಗಿಲು ಒಂದು ಮೂಲೆಗೆ ಇಳಿದರೆ ಬಾಗಿಲನ್ನೇ ಯಾರೂ ಬಿಸಾಡುವುದಿಲ್ಲ, ಬೆಣೆ ಹೊಡೆದು ಸರಿಮಾಡುತ್ತಾರೆ, ಅಲ್ವಾ.

ಈಗ ಕೋಲಿಗೆ ಬರೋಣ. ಮೊದಲು ಎತ್ತರ. ಕೈ ಸುಮ್ನೆ ಇಳಿಬಿಟ್ಟು ನಿಂತಾಗ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಪೈಪಿನಲ್ಲಿ ತೂತುಗಳಿವೆ, ಗುಂಡಿ ಒತ್ತಿ ಎಳೆದರೆ ಟಕ್ ಅಂತ ಕೂರುತ್ತದೆ. ನಾನು ಅಂದಾಜಿಗೆ ಎರಡು ತೂತು ಎತ್ತರ ಇಟ್ಟು ಒಂದು ವಾರ ಹೆಗಲು ನೋಯಿಸಿಕೊಂಡೆ.

ಮೊದಲ ಆರು ವಾರ ಎಡಗಾಲಿನ ಮೇಲೆ 20 ಕಿಲೋಗಿಂತ ಜಾಸ್ತಿ ಭಾರ ಬೀಳಬಾರದು ಅಂದಿದ್ದರು (ನಿಮ್ಮ ಡಾಕ್ಟರು ಬೇರೆ ಹೇಳಿದರೆ ಅವರ ಮಾತೇ ಲೆಕ್ಕ). 20 ಕಿಲೋ ಅಂದರೆ ಕಾಲಿಗೆ ಹೇಗೆ ಗೊತ್ತಾಗಬೇಕು? ಮಗ ಅಂಗಡಿಯಿಂದ ಮೊಳೆ ತೂಗುವ ಕಾಟಾ ಮನೆಗೆ ತಂದ. ಅದರ ಮೇಲೆ ಎಡಪಾದ ಇಟ್ಟು, ಎರಡೂ ಕೋಲಿನ ಮೇಲೆ ಮೈಬಿಟ್ಟು, ಮೆಲ್ಲಗೆ ಒತ್ತುವುದು. 12, 15, 19, ಕೂಡಲೇ 31! ಹೀಗೆ ಬೆಳಿಗ್ಗೆ ಸಂಜೆ ಒತ್ತಿ ಒತ್ತಿ ನಾಲ್ಕನೇ ದಿನಕ್ಕೆ ಕಣ್ಣುಮುಚ್ಚಿದರೂ 20ರ ಹತ್ತಿರ ನಿಲ್ಲಿಸುವಷ್ಟು ಅಂದಾಜು ಬಂತು. ಈ ಕೆಲಸಕ್ಕೆ ಕೋಲು ನಿಜವಾಗಿ ಒಳ್ಳೆಯದು. ಪೈಪು ಬಾಗುವುದಿಲ್ಲ, ಹಿಡಿ ತಿರುಗುವುದಿಲ್ಲ. ಕಂಕುಳಿಗೆ ಕೊಡುವ ಹಳೇ ನಮೂನೆಯ ಕೋಲಿಗಿಂತ ಸಾವಿರ ಪಾಲು ಮೇಲು.

ಮೆಟ್ಟಿಲು: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೋಲು ಮತ್ತು ಆಪರೇಷನ್ ಆದ ಕಾಲು ಮೊದಲು. ಒಂದೇ ಕೋಲಿಗೆ ಬಂದ ಮೇಲೆ ಅದು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿರಬೇಕು. ಅಂಗಡಿಗೆ ಬಂದವರೆಲ್ಲ "ತಪ್ಪು ಕೈಯಲ್ಲಿ ಹಿಡಿದಿದ್ದೀರಿ ಮಾರಾಯ್ರೇ" ಅಂದರು. ನೂರು ಸಲ ಹೇಳಿ ಸಾಕಾಗಿ, ಕೊನೆಗೆ ಸುಮ್ನೆ ನಕ್ಕುಬಿಡುತ್ತಿದ್ದೆ.

ಇನ್ನು ಆ ಅರ್ಧ ಸ್ಟಾರ್. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಮನೆ ಮೆಟ್ಟಿಲು ಚಿರೆಕಲ್ಲಿನದು, ಅಂಗಳ ಜೂನ್‌ನಲ್ಲೇ ಹಸಿರಾಗುತ್ತದೆ. ಒಂದು ಬೆಳಿಗ್ಗೆ ಅಂಗಡಿಗೆ ಹೊರಟೆ. ಆಯಿ ಒಳಗಿನಿಂದ "ತಮಾ, ಜಾರ್ತು ನೋಡು" ಅನ್ನುತ್ತಿದ್ದ ಹಾಗೇ ಕೋಲಿನ ಬುಡ ಸರ್ರನೆ ಹೋಯಿತು. ಜಗಲಿ ಕಂಬ ಕೈಗೆ ಸಿಕ್ಕಿತು, ಬಚಾವು. ಕೂತು ಕೋಲು ತಿರುಗಿಸಿ ನೋಡಿದರೆ ಬುಡದ ರಬ್ಬರ್ ಬುಷ್‌ನ ಗೀರುಗಳು ಒಂದೇ ಮಗ್ಗುಲಿಗೆ ಪೂರ್ತಿ ಸವೆದು, ಲೋಹದ ಬಿಲ್ಲೆ ಇಣುಕುತ್ತಿತ್ತು. ಕೋಲನ್ನು ಸ್ವಲ್ಪ ಹೊರಗೆ ಚಾಚಿ ಊರುವುದರಿಂದ ಒಳಮಗ್ಗುಲು ಮಾತ್ರ ಸವೆಯುತ್ತದೆ. ನನ್ನ ಮೊಣಕಾಲಿನ ರೋಗವೇ ಇದಕ್ಕೂ! ಮೂರು ತಿಂಗಳೂ ಬಾಳಿಲ್ಲ. ನಮ್ಮಲ್ಲಿ ಕುರ್ಚಿಗೆ ಮಾರುವ ಬುಷ್ ಹಾಕಲು ಹೋಗಬೇಡಿ, ಅದು ಪೊಳ್ಳು, ಮೈಭಾರ ತಡೆಯುವುದಿಲ್ಲ. ನಾನೇ ಮಾರುವವನು ಹೇಳುತ್ತಿದ್ದೇನೆ. ಕೋಲಿಗೆಂದೇ ಬರುವ, ಬುಡ ಅಗಲವಿರುವ ದಪ್ಪ ಬುಷ್ ಔಷಧಿ ಅಂಗಡಿಯಲ್ಲಿ 60 ರೂಪಾಯಿಗೆ ಸಿಕ್ಕಿತು. ಪೈಪಿನ ದಪ್ಪ ಅಳೆದುಕೊಂಡು ಹೋಗಿ. ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿ ಅದರ ಮೇಲೆ ಹಳೇ ಗೋಣಿ ಹೊಡೆದೆವು, ಮೆಟ್ಟಿಲಿಗೆ ಬ್ಲೀಚಿಂಗ್ ಪೌಡರ್. ಒದ್ದೆ ಬುಡದಲ್ಲೇ ಒಳಗೆ ಬಂದರೆ ಕಾವಿ ನೆಲ ಇನ್ನೂ ಅಪಾಯ, ಅದಕ್ಕೆ ಬಾಗಿಲಲ್ಲೇ ಒಂದು ಬಟ್ಟೆ.

ಎರಡನೇ ದೂರು ತುಕ್ಕು. ಅಲ್ಯುಮಿನಿಯಂ ಸರಿಯೇ, ಆದರೆ ಗುಂಡಿಯ ಒಳಗಿನ ಸ್ಪ್ರಿಂಗ್ ಕಬ್ಬಿಣದ್ದು. ಸಮುದ್ರದ ಗಾಳಿಗೆ ಮೊದಲ ಮಳೆಗಾಲದಲ್ಲೇ ಒಂದು ಗುಂಡಿ ಒಳಗೇ ಸಿಕ್ಕಿಕೊಂಡಿತು, ಹೊರಗೆ ಬರಲೊಲ್ಲದು. ತೂತಿನಲ್ಲಿ ಪೂರ್ತಿ ಕೂರದ ಗುಂಡಿ ಇಟ್ಟುಕೊಂಡು ನಡೆಯಬೇಡಿ. ತಿಂಗಳಿಗೊಮ್ಮೆ ಬಿಚ್ಚಿ, ಒರೆಸಿ, ಒಂದು ಹನಿ ಹೊಲಿಗೆ ಮಷಿನ್ ಎಣ್ಣೆ ಬಿಟ್ಟರೆ ಆಯಿತು. ಟಕ್ ಟಕ್ ಸದ್ದು ಮಾತ್ರ ಹೋಗುವುದಿಲ್ಲ. ನಾನು ಬರುವುದು ಓಣಿಗೆಲ್ಲ ಗೊತ್ತಾಗುತ್ತಿತ್ತು.

ಒಂದು ಮಾತು, ಒಂದು ಜೊತೆ ಬುಷ್ ಹೆಚ್ಚುವರಿ ಇಟ್ಟುಕೊಳ್ಳಿ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಎಷ್ಟು ಕೂಗಿದೆವು, ನೆನಪಿದೆಯಲ್ಲ. ಆದರೂ ನಾನು ತಪಾಸಣೆಗೆ ಪ್ರತಿ ಸಲ ರೈಲು ಹತ್ತಿ ಮಂಗಳೂರಿಗೇ ಹೋಗಬೇಕಾಯಿತು. ದಾರಿ ಮಧ್ಯೆ ಬುಷ್ ಕೈಕೊಟ್ಟರೆ ಪ್ಲಾಟ್‌ಫಾರ್ಮಿನಲ್ಲಿ ಯಾರೂ ಮಾರುವುದಿಲ್ಲ.

ಹದಿನಾಲ್ಕನೇ ತಿಂಗಳಿಗೆ ಪ್ಲೇಟು ತೆಗೆದರು. ಸ್ಕ್ರೂ ತೂತು ತುಂಬುವ ತನಕ ಹುಷಾರು ಅಂದರು, ಮತ್ತೆ ಎರಡು ವಾರ ಇದೇ ಕೋಲು. ಪೈಪು ಈಗಲೂ ಹೊಸದರ ಹಾಗೇ ಇದೆ. ಒಳಮಗ್ಗುಲಿನ ನೋವು ಮುಕ್ಕಾಲು ಪಾಲು ಹೋಗಿದೆ, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತರೆ ಮಾತ್ರ ಏಳುವಾಗ ಇನ್ನೂ ಹಿಡಿಯುತ್ತದೆ. ಸದ್ಯಕ್ಕೆ ಒಂದು ಕಾಲು ನೆಟ್ಟಗೆ, ಇನ್ನೊಂದು ಹಳೇ ಬಿಲ್ಲು. ದರ್ಜಿ ಪ್ಯಾಂಟಿನ ಅಳತೆ ತೆಗೆಯುವಾಗ ಎರಡೆರಡು ಸಲ ಟೇಪು ಹಿಡಿಯುತ್ತಾನೆ.

ಬಲಗಾಲಿಗೆ ಡಾಕ್ಟರು ಆಗಸ್ಟ್ ಅಂದಿದ್ದರು. ದೀಪಾವಳಿ ಕಳೆಯಲಿ ಅಂದೆ. ಅಷ್ಟೊತ್ತಿಗೆ ಅಂಗಳದ ಪಾಚಿ ಒಣಗಿರುತ್ತದೆ.