ಚೇಂಜಿಂಗ್ ಪ್ಲೇಸಸ್ ಮಾದರಿಯ ಶೌಚಾಲಯ: ದೀರ್ಘ ಬಳಕೆಯ ನಂತರದ ವಿಮರ್ಶೆ

ವೀಲ್‌ಚೇರ್ ಚಿತ್ರವಿರುವ ಬಾಗಿಲ ಹಿಂದೆ ಸಾಮಾನ್ಯವಾಗಿ ಇರುವುದು ಒಂದು ಕಮೋಡ್, ಎರಡು ಹಿಡಿಕಂಬಿ, ಒಂದು ಬೇಸಿನ್. ತೋಳಿನಲ್ಲಿ ಬಲವಿದ್ದು, ಗಾಲಿಕುರ್ಚಿಯಿಂದ ತಾನೇ ಜರುಗಿ ಕೂರಬಲ್ಲವರಿಗೆ ಅಷ್ಟು ಸಾಕು. ಕುತ್ತಿಗೆ ನಿಲ್ಲದವರು, ಮೈ ಸೆಟೆದುಕೊಳ್ಳುವವರು, ದೊಡ್ಡವರಾದ ಮೇಲೂ ಡೈಪರ್ ಬೇಕಾಗುವವರು ಅಲ್ಲಿ ಏನು ಮಾಡಬೇಕು? ಅವರನ್ನು ಶೌಚಾಲಯದ ನೆಲದ ಮೇಲೆ ಮಲಗಿಸಿ ಬಟ್ಟೆ ಬದಲಿಸುತ್ತಾರೆ, ಇಲ್ಲವೇ ಒದ್ದೆಯಲ್ಲೇ ಮನೆಗೆ ಕರೆತರುತ್ತಾರೆ. ಎರಡೂ ಅವಮಾನ. ಈ ಸ್ಥಿತಿ ಬದಲಾಗಬೇಕೆಂದು ಬ್ರಿಟನ್ನಿನಲ್ಲಿ 2006ರಲ್ಲಿ ಶುರುವಾದದ್ದೇ ಚೇಂಜಿಂಗ್ ಪ್ಲೇಸಸ್ ಚಳವಳಿ. ಎತ್ತುವ ಯಂತ್ರ, ದೊಡ್ಡವರು ಮಲಗುವ ಬೆಂಚ್ ಇರುವ ವಿಶಾಲ ಶೌಚಾಲಯಗಳು ಅದರ ಬೇಡಿಕೆ. ಅಲ್ಲೀಗ ಇಂಥ 2,000ಕ್ಕೂ ಹೆಚ್ಚು ಕೋಣೆಗಳಿವೆ.

ಮೊದಲು ಅಳತೆ. ಅಲ್ಲಿನ ಸಾಮಾನ್ಯ ಅಂಗವಿಕಲ ಸ್ನೇಹಿ ಶೌಚಾಲಯ 1.5 ಮೀಟರ್ ಅಗಲ, 2.2 ಮೀಟರ್ ಉದ್ದ. ಚೇಂಜಿಂಗ್ ಪ್ಲೇಸಸ್ ಕೋಣೆ 3 ಮೀಟರ್‌ಗೆ 4 ಮೀಟರ್, ಅಂದರೆ 12 ಚದರ ಮೀಟರ್. ಜಾಗ ಜಾಸ್ತಿಯಾಯಿತು ಎಂದು ಕಟ್ಟಡದವರು ಗೊಣಗುವುದುಂಟು. ಆದರೆ ಒಳಗೆ ಒಂದು ದೊಡ್ಡ ಗಾಲಿಕುರ್ಚಿ, ಮಲಗಿರುವ ಒಬ್ಬರು, ಅವರ ಎರಡೂ ಬದಿಗೆ ಒಬ್ಬೊಬ್ಬ ಆರೈಕೆದಾರರು ಇರುತ್ತಾರೆ. ಇಬ್ಬರೂ ಬಗ್ಗಬೇಕು, ತಿರುಗಬೇಕು. ಇದಕ್ಕಿಂತ ಚಿಕ್ಕದಾದರೆ ಮೊಣಕೈ ಗೋಡೆಗೆ ಬಡಿಯುತ್ತದೆ. ಇದೇ ಕಾರಣಕ್ಕೆ ಕಮೋಡ್ ಕೂಡ ಮೂಲೆಯಲ್ಲಿರದೆ, ಎರಡೂ ಪಕ್ಕ ಜಾಗ ಬಿಟ್ಟು ನಡುವೆ ಇರುತ್ತದೆ.

ಕೋಣೆಯ ಜೀವಾಳ ಚಾವಣಿಯ ಹಾಯ್ಸ್ಟ್, ಅಂದರೆ ಜನರನ್ನು ಎತ್ತುವ ಯಂತ್ರ. ಇದರಲ್ಲಿ ಎರಡು ಬಗೆಯ ಹಳಿ ಸಿಗುತ್ತದೆ. ಒಂದೇ ನೇರ ಹಳಿ ಅಗ್ಗ, ಆದರೆ ಆ ಗೆರೆಯ ಕೆಳಗೆ ಮಾತ್ರ ಕೆಲಸ ಮಾಡುತ್ತದೆ. ಕುರ್ಚಿಯನ್ನು ಅರ್ಧ ಅಡಿ ಆಚೀಚೆ ನಿಲ್ಲಿಸಿದರೂ ಮೇಲೆತ್ತುವಾಗ ಮೈ ಓರೆಯಾಗಿ ತೂಗಾಡುತ್ತದೆ. ಎರಡು ಸಮಾನಾಂತರ ಹಳಿಗಳ ಮೇಲೆ ಮೂರನೆಯದು ಅಡ್ಡಲಾಗಿ ಓಡುವ ವ್ಯವಸ್ಥೆಯಾದರೆ ಬೆಂಚ್, ಕಮೋಡ್, ಕುರ್ಚಿ ಎಲ್ಲಿದ್ದರೂ ತಲುಪುತ್ತದೆ. ನಮ್ಮ ಪ್ರಕಾರ ಇದಿಲ್ಲದ ಕೋಣೆ ಪೂರ್ಣವಲ್ಲ. ಭಾರದ ಮಿತಿಯನ್ನು ಯಂತ್ರದ ಮೇಲೆಯೇ ಬರೆದಿರುತ್ತಾರೆ, ಅದನ್ನು ಓದದೆ ಎತ್ತಬಾರದು.

ಸ್ಲಿಂಗ್ ಅನ್ನು, ಅಂದರೆ ಎತ್ತುವ ಜೋಲಿಯನ್ನು, ನಾವೇ ಒಯ್ಯಬೇಕು. ಅದು ಮೈಯಳತೆಗೆ ತಕ್ಕದ್ದು, ಹಂಚಿಕೊಳ್ಳುವಂಥದ್ದಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಜೋಲಿಗಳಲ್ಲಿ ಬಟ್ಟೆಯ ಕುಣಿಕೆ ಇರುವವು ಬೇರೆ, ಪ್ಲಾಸ್ಟಿಕ್ ಕ್ಲಿಪ್ ಇರುವವು ಬೇರೆ. ಜೋಲಿಯನ್ನು ಸಿಕ್ಕಿಸುವುದು ಹಾಯ್ಸ್ಟಿನಿಂದ ಇಳಿಬಿದ್ದ ಅಡ್ಡಪಟ್ಟಿಗೆ, ಅದೇ ತೂಗುಪಟ್ಟಿ. ಕುಣಿಕೆಗೆ ಕೊಕ್ಕೆಯಿರುವ ತೂಗುಪಟ್ಟಿ ಬೇಕು, ಕ್ಲಿಪ್‌ಗೆ ಗುಂಡಿಯಿರುವ ತೂಗುಪಟ್ಟಿ ಬೇಕು. ಒಂದು ಇನ್ನೊಂದಕ್ಕೆ ಕೂರುವುದಿಲ್ಲ, ಬಲವಂತವಾಗಿ ಸಿಕ್ಕಿಸಿದರೆ ಜಾರುತ್ತದೆ. ಯಾವ ಬಗೆಯ ತೂಗುಪಟ್ಟಿ ಇದೆ ಎಂದು ಹೊರಡುವ ಮೊದಲೇ ಕೇಳಿ ತಿಳಿಯಬೇಕು. ಕುಣಿಕೆಗಳ ಬಣ್ಣಕ್ಕೂ ಅರ್ಥವಿದೆ, ಅದು ಉದ್ದವನ್ನು ಸೂಚಿಸುತ್ತದೆ: ಭುಜಕ್ಕೆ ಚಿಕ್ಕ ಕುಣಿಕೆ, ಕಾಲಿಗೆ ಉದ್ದ ಕುಣಿಕೆ ಹಾಕಿದರೆ ಮೈ ನೆಟ್ಟಗಾಗುತ್ತದೆ, ಅದಲುಬದಲು ಮಾಡಿದರೆ ಹಿಂದಕ್ಕೆ ಒರಗುತ್ತದೆ. ಎಡಬಲ ಮಾತ್ರ ಒಂದೇ ಬಣ್ಣದಲ್ಲಿರಬೇಕು. ಕಮೋಡ್ ಮೇಲೆ ಕೂರಿಸಲು ಅನುಕೂಲವೆಂದು ಮಾರುವ, ಹಿಂಭಾಗ ತೆರೆದ ಜೋಲಿ ಬೆನ್ನಿಗೆ ಕಡಿಮೆ ಆಸರೆ ಕೊಡುತ್ತದೆ. ತಲೆ ನಿಲ್ಲದವರಿಗೆ ಅದು ಬೇಡವೇ ಬೇಡ. ಎತ್ತುವಾಗ ಮೊದಲು ಜೋಲಿಯ ಪಟ್ಟಿಗಳು ಬಿಗಿಯಾಗುವಷ್ಟು ಮಾತ್ರ ಎತ್ತಿ, ನಿಲ್ಲಿಸಿ, ನಾಲ್ಕೂ ಕೊಕ್ಕೆ ನೋಡಿ, ಆಮೇಲೆ ಮುಂದುವರಿಯಬೇಕು.

ಯಂತ್ರ ಕೈಕೊಟ್ಟಿತು ಅನ್ನುವ ದೂರುಗಳಲ್ಲಿ ಬಹುಪಾಲು ನಿಜಕ್ಕೂ ಯಂತ್ರ ಕೆಟ್ಟಿದ್ದರಿಂದಲ್ಲ. ಹಿಂದಿನವರು ಹಾಯ್ಸ್ಟನ್ನು ಚಾರ್ಜ್ ಆಗುವ ಸ್ಥಾನಕ್ಕೆ ಮರಳಿಸದೆ ಕೋಣೆಯ ನಡುವೆ ಬಿಟ್ಟು ಹೋಗಿರುತ್ತಾರೆ, ಬ್ಯಾಟರಿ ಬರಿದಾಗಿರುತ್ತದೆ. ಸೀಸ-ಆಮ್ಲ ಬ್ಯಾಟರಿಯಾದರೆ ಬರಿದಾಗಿ ಬಿದ್ದಷ್ಟೂ ಆಯಸ್ಸು ಕುಗ್ಗುತ್ತದೆ. ಹಳಿಯುದ್ದಕ್ಕೂ ಚಾರ್ಜ್ ಆಗುವ ತಾಮ್ರದ ಪಟ್ಟಿ ಇರುವ ಮಾದರಿಯಲ್ಲಿ ಈ ತಾಪತ್ರಯವೇ ಇಲ್ಲ, ಸಾರ್ವಜನಿಕ ಜಾಗಕ್ಕೆ ಅದನ್ನೇ ಕೊಳ್ಳಬೇಕು. ಇನ್ನೊಂದು, ಯಾರೋ ಹಾಯ್ಸ್ಟಿನ ತುರ್ತು ನಿಲುಗಡೆಯ ಕೆಂಪು ದಾರ ಎಳೆದು ಹಾಗೆಯೇ ಬಿಟ್ಟಿರುತ್ತಾರೆ. ಅದನ್ನು ಮೊದಲಿನ ಸ್ಥಿತಿಗೆ ತರುವವರೆಗೆ ರಿಮೋಟ್ ಒತ್ತಿ ಫಲವಿಲ್ಲ. ಎತ್ತುವ ಪಟ್ಟಿ ಸಡಿಲವಾಗಿ ತಿರುಚಿಕೊಂಡಿದ್ದರೂ ಹಲವು ಮಾದರಿಗಳು ತಾವೇ ನಿಲ್ಲುತ್ತವೆ. ಆಗ ಪಟ್ಟಿಯನ್ನು ಕೈಯಿಂದ ಕೆಳಕ್ಕೆ ಎಳೆದು ಬಿಗಿಮಾಡಿದರೆ ಸರಿಹೋಗುತ್ತದೆ. ಈ ಮೂರು ಸಂಗತಿಯನ್ನು ಚಿತ್ರ ಸಮೇತ ಗೋಡೆಗೆ ಅಂಟಿಸಿದರೆ ಎಷ್ಟೋ ಜನ ನಿರಾಶರಾಗಿ ಮರಳುವುದು ತಪ್ಪುತ್ತದೆ.

ಬೆಂಚ್ ದೊಡ್ಡವರು ಮಲಗುವಂಥದ್ದಾಗಿರಬೇಕು, ಉದ್ದ ಕನಿಷ್ಠ 1.8 ಮೀಟರ್. ಎತ್ತರ ಬದಲಾಗುವುದು ಐಷಾರಾಮವಲ್ಲ, ಆರೈಕೆದಾರರ ಸೊಂಟ ಉಳಿಯುವುದೇ ಅದರಿಂದ. ಬೆಂಚ್ ಕೆಳಗಿಳಿಯುತ್ತಿಲ್ಲವೆಂದರೆ ಮೊದಲು ಅಡಿಯಲ್ಲಿ ನೋಡಿ: ಕಸದ ಡಬ್ಬಿಯೋ ಕುರ್ಚಿಯ ಕಾಲುಮಣೆಯೋ ಸುರಕ್ಷತಾ ಪಟ್ಟಿಗೆ ತಾಗಿರುತ್ತದೆ. ಅದೂ ಅಲ್ಲವಾದರೆ, ಸ್ವಚ್ಛತೆಯವರು ಗೋಡೆಯ ಸ್ವಿಚ್ ಆರಿಸಿರಬಹುದು. ಫಿಟ್ಸ್ ಬರುವವರಿದ್ದರೆ ಪಕ್ಕದ ತಡೆಕಂಬಿ ಎತ್ತದೆ ಕೈ ಬಿಡಬಾರದು. ಹಾಸಲು ಅಗಲವಾದ ಕಾಗದದ ಸುರುಳಿ ಇರಬೇಕು, ಆದರೆ ಬಹಳ ಕಡೆ ಅದು ಮುಗಿದು ಹೋಗಿರುತ್ತದೆ. ಒಂದು ಹಾಸು ಬ್ಯಾಗಿನಲ್ಲಿರಲಿ.

ಸಣ್ಣ ವಿಷಯ ಎಂದು ವಿನ್ಯಾಸಕಾರರು ಬಿಟ್ಟುಬಿಡುವವು ಬಳಸುವವರಿಗೆ ಸಣ್ಣವಲ್ಲ. ಚಲನೆ ಗುರುತಿಸಿ ಉರಿಯುವ ದೀಪವನ್ನು ಬಾಗಿಲ ಬಳಿ ಹಾಕಿದರೆ, ಪರದೆಯ ಹಿಂದೆ ಬೆಂಚ್ ಮೇಲೆ ಮಲಗಿರುವವರು ಅದಕ್ಕೆ ಕಾಣಿಸುವುದಿಲ್ಲ, ಕೆಲಸದ ನಡುವೆ ಕತ್ತಲಾಗುತ್ತದೆ. ತಾನಾಗಿ ಅಬ್ಬರಿಸುವ ಕೈ ಒಣಗಿಸುವ ಯಂತ್ರ ಬೆಚ್ಚಿಬೀಳಿಸುತ್ತದೆ, ಬೆಚ್ಚಿದರೆ ಮೈ ಸೆಟೆಯುತ್ತದೆ, ಸೆಟೆದವರನ್ನು ಜೋಲಿಗೆ ಹಾಕುವುದು ಅಪಾಯ. ಕಾಗದದ ಟವೆಲ್ ಇಟ್ಟರೆ ಸಾಕು. ತುರ್ತು ಕರೆಯ ದಾರ ನೆಲದ ಹತ್ತಿರದವರೆಗೂ ಇಳಿಬಿದ್ದಿರಬೇಕು. ಗುಡಿಸಲು ಅಡ್ಡ ಎಂದು ಅದನ್ನು ಮೇಲೆ ಗಂಟು ಹಾಕುತ್ತಾರಲ್ಲ, ಬಿದ್ದವರ ಕೈಗೆ ಎಟುಕದಂತೆ ಮಾಡುವ ಆ ಅಭ್ಯಾಸ ಇಂದೇ ನಿಲ್ಲಬೇಕು. ಪರದೆಯೂ ಬೇಕೇ ಬೇಕು. ಒಬ್ಬರು ಕಮೋಡ್ ಬಳಸುವಾಗ ಆರೈಕೆದಾರರು ಕೋಣೆಯಲ್ಲೇ ಇರಬೇಕಾಗುತ್ತದೆ, ಆಗಲೂ ಮಾನ ಉಳಿಯಬೇಕು.

ಮುಂದೇನು? ಇಂಗ್ಲೆಂಡಿನಲ್ಲಿ 2021ರ ಜನವರಿಯಿಂದ ಕೆಲವು ಬಗೆಯ ದೊಡ್ಡ ಹೊಸ ಸಾರ್ವಜನಿಕ ಕಟ್ಟಡಗಳಿಗೆ ಇದು ಕಡ್ಡಾಯ. ಆಸ್ಟ್ರೇಲಿಯಾದ ಕಟ್ಟಡ ಸಂಹಿತೆಯೂ 2019ರ ಆವೃತ್ತಿಯಲ್ಲಿ ಇಂಥದ್ದೇ ನಿಯಮ ತಂದಿತು. ಕಟ್ಟುವುದು ಹೀಗೆ ನಿಧಾನವಾಗಿ ಹೆಚ್ಚುತ್ತದೆ. ಆದರೆ ಕಟ್ಟಿದ್ದು ನಡೆಯುತ್ತಿರಬೇಕಲ್ಲ! ಜನರನ್ನು ಎತ್ತುವ ಉಪಕರಣಕ್ಕೆ ಬ್ರಿಟನ್ನಿನಲ್ಲಿ ಸಾಮಾನ್ಯವಾಗಿ 6 ತಿಂಗಳಿಗೊಮ್ಮೆ ಪರೀಕ್ಷೆ ಆಗಬೇಕು, ಆ ತಾರೀಖಿನ ಚೀಟಿ ಕಣ್ಣಿಗೆ ಬೀಳುವಲ್ಲಿ ಇರಬೇಕು. ಹಾಯ್ಸ್ಟ್ ಚಾರ್ಜ್ ಇದೆಯೋ, ಬೆಂಚ್ ಏರಿಳಿಯುತ್ತದೆಯೋ ಎಂಬುದನ್ನು ಯಂತ್ರವೇ ಇಂಥ ಕೋಣೆಗಳನ್ನು ತೋರಿಸುವ ಆನ್‌ಲೈನ್ ನಕ್ಷೆಗೆ ತಿಳಿಸುವ ಏರ್ಪಾಡು ಕಷ್ಟದ್ದೇನಲ್ಲ. ಮಾತಾಡುವ ಕನ್ನಡಿ, ಬಣ್ಣದ ದೀಪಗಳಿಗೆ ಹಣ ಹಾಕುವ ಮೊದಲು ಇದಕ್ಕೆ ಹಾಕಲಿ. ತಾತ್ಕಾಲಿಕ ಜಾತ್ರೆ, ಸಮಾರಂಭಗಳಿಗೆ ಹಾಯ್ಸ್ಟ್, ಬೆಂಚ್ ಎರಡೂ ಇರುವ ವಾಹನಗಳು ಬರಲಿ, ಅವು ಕಾಯಂ ಕೋಣೆಗೆ ಬದಲಿಯಾಗದಿರಲಿ.

ಅಲ್ಲಿಯವರೆಗೆ, ಹೊರಡುವ ದಿನ ಬೆಳಿಗ್ಗೆ ಫೋನ್ ಮಾಡಿ ಕೇಳಬೇಕಾದ್ದು ಇಷ್ಟು: ಹಾಯ್ಸ್ಟ್ ಇವತ್ತು ಎತ್ತಿ ನೋಡಿದ್ದಾರೆಯೇ, ತೂಗುಪಟ್ಟಿ ಕೊಕ್ಕೆಯದೋ ಗುಂಡಿಯದೋ, ಭಾರದ ಮಿತಿ ಎಷ್ಟು, ಬೆಂಚ್ ಕೆಲಸ ಮಾಡುತ್ತಿದೆಯೇ, ಕೀಲಿ ಯಾರ ಬಳಿ ಇದೆ, ಅವರ ಕೆಲಸ ಎಷ್ಟು ಗಂಟೆಗೆ ಮುಗಿಯುತ್ತದೆ. "ಎಲ್ಲಾ ಸರಿ ಇದೆ" ಎಂಬ ಉತ್ತರ ಸಾಲದು, ಒಂದೊಂದಕ್ಕೂ ಉತ್ತರ ಸಿಗುವವರೆಗೆ ಫೋನ್ ಇಡಬೇಡಿ.