ಟಿಪ್ಪಣಿಗಳ ಮೂಲಪ್ರತಿಯನ್ನು ಎಐ ಸಾಧನದ ಕೈಗೆ ಕೊಡುವ ಮುನ್ನ

ಮೊಬೈಲಿನಲ್ಲೂ ಕಂಪ್ಯೂಟರಿನಲ್ಲೂ ವರ್ಷಗಟ್ಟಲೆ ಟಿಪ್ಪಣಿ ಕೂಡಿಹಾಕಿ, ಈಗ ಅವನ್ನೆಲ್ಲ ಎಐ ಸಾಧನವೊಂದಕ್ಕೆ ಒಪ್ಪಿಸಿ ಓರಣ ಮಾಡಿಸಿಕೊಳ್ಳೋಣ ಎಂದು ಯೋಚಿಸುತ್ತಿರುವವರು, ಅದರಲ್ಲೂ ಶಾಸನ, ಜನಪದ, ಹಳೆಯ ದಾಖಲೆಗಳಂಥ ಸಾಮಗ್ರಿಯ ಮೇಲೆ ಕೆಲಸ ಮಾಡುವವರು, ದಯವಿಟ್ಟು ಇದನ್ನು ಓದಿ ಮುಂದುವರಿಯಿರಿ. ನನ್ನ ಟಿಪ್ಪಣಿಗಳು ಕಳೆದುಹೋಗಿದ್ದರೆ ಅದೇ ದಿನ ಗೊತ್ತಾಗುತ್ತಿತ್ತು. ಅವು ಇದ್ದ ಜಾಗದಲ್ಲೇ ಇದ್ದು, ಒಳಗಿನ ಅಕ್ಷರ, ಅಂಕಿ, ಪದಗಳು ಮಾತ್ರ ಬದಲಾಗಿದ್ದುದರಿಂದ, ವಿಷಯ ತಿಳಿಯುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು.

ಕಲಬುರಗಿಯಲ್ಲಿದ್ದುಕೊಂಡು ಸೇಡಂ, ಜೇವರ್ಗಿ, ಬಸವಕಲ್ಯಾಣ, ಸುರಪುರದ ಕಡೆ ಬಿಡುವಿದ್ದಾಗಲೆಲ್ಲ ಓಡಾಡಿ ನಾನು ಸಂಗ್ರಹಿಸಿದ ಸಾಮಗ್ರಿಯಲ್ಲಿ ಶಾಸನಪಾಠಗಳಿವೆ, ನಿಜಾಮರ ಕಾಲದ ಜಮೀನು ಕಾಗದಗಳಿಂದ ಓದಿಸಿ ಬರೆದುಕೊಂಡ ವಿವರಗಳಿವೆ, ಹೆಂಗಸರು ಹಾಡಿದ ಬೀಸುವ ಪದಗಳೂ ಮೊಹರಂ ಹೊತ್ತಿನಲ್ಲಿ ಕರಬಲಾದ ಕಥೆ ಹಾಡುವ ರಿವಾಯತ್ ಪದಗಳೂ ಇವೆ. ಮೊದಮೊದಲು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮನೆಗೆ ಬಂದು ಟೈಪು ಮಾಡುತ್ತಿದ್ದೆ. ಕೊನೆಕೊನೆಗೆ ಊರಿನಲ್ಲೇ ಕೂತು ನೇರವಾಗಿ ಮೊಬೈಲಿಗೆ ಬರೆದುಕೊಳ್ಳುವುದು ರೂಢಿಯಾಯಿತು. ಹೀಗೆ ಬೆಳೆದ ರಾಶಿಯಲ್ಲಿ ಬೇಕಾದದ್ದು ಬೇಕಾದಾಗ ಸಿಗುತ್ತಿರಲಿಲ್ಲ ಎಂಬುದು ನಿಜ. ನಾನು ಬಳಸಿದ ಸಾಧನದ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ನಕಲುಗಳನ್ನು ಒಂದಾಗಿಸಿ, ವಿಷಯವಾರು ವಿಂಗಡಿಸಿ, ತಲೆಬರಹ ಕೊಟ್ಟು, ಕಾಗುಣಿತ ತಿದ್ದಿ ಕೊಡುವುದಾಗಿ ಅದು ಹೇಳಿಕೊಂಡಿತ್ತು. ಟಿಪ್ಪಣಿಗಳನ್ನು ಓದುವ ಅನುಮತಿಯೂ ಅವುಗಳ ಮೇಲೆ ಬರೆಯುವ ಅನುಮತಿಯೂ ಒಂದೇ ಗುಂಡಿಯೊಳಗೆ ಸೇರಿದ್ದವು. ಒಂದನ್ನು ಕೊಟ್ಟು ಇನ್ನೊಂದನ್ನು ಉಳಿಸಿಕೊಳ್ಳುವ ದಾರಿಯನ್ನೇ ಅದು ಇಟ್ಟಿರಲಿಲ್ಲ. ಎಲ್ಲೆಲ್ಲಿ ಏನೇನು ಬದಲಾಯಿತು ಎಂಬ ಪಟ್ಟಿಯನ್ನು ಕೆಲಸ ಮುಗಿದ ಮೇಲೂ ಅದು ಕೊಡಲಿಲ್ಲ. ‘ನಿಮ್ಮ ಟಿಪ್ಪಣಿಗಳು ಈಗ ಸಿದ್ಧ’ ಎಂಬ ಒಂದು ಸಾಲು ಬಂತು, ಅಷ್ಟೇ.

ಬದಲಾವಣೆಯನ್ನು ಮೊದಲು ಹಿಡಿದವಳು ಜೇವರ್ಗಿ ಕಡೆಯ ಒಬ್ಬ ಹುಡುಗಿ. ತೀರಿಹೋದ ತನ್ನ ಅಜ್ಜಿ ಹಾಡಿದ್ದ ಪದಗಳ ಪ್ರತಿ ಬೇಕೆಂದು ಕೇಳಿದ್ದಳು, ಕಳಿಸಿದೆ. ಮರುದಿನ ಫೋನು ಮಾಡಿ, “ಸರ್, ಇದು ನಮ್ಮ ಆಯಿ ಹಾಡಿದ್ದಲ್ರೀ, ಯಾರೋ ಸಾಲಿ ಮಾಸ್ತರ್ ಬರ್ದಂಗ ಅದ” ಎಂದಳು. ತೆಗೆದು ನೋಡಿದರೆ ಅವಳ ಮಾತು ಅಕ್ಷರಶಃ ಸರಿಯಾಗಿತ್ತು. ‘ಬರ್ಲತ್ತಾನ’ ಎಂದಿದ್ದ ಕಡೆ ‘ಬರುತ್ತಿದ್ದಾನೆ’ ಎಂದಾಗಿತ್ತು, ‘ಅದ’ ಎಂದಿದ್ದಲ್ಲೆಲ್ಲ ‘ಇದೆ’ ಬಂದು ಕೂತಿತ್ತು. ಬೀಸುವ ಕಲ್ಲಿನ ಸುತ್ತಿಗೆ ಹೊಂದಿಕೊಂಡು ಬರುವ ಸಾಲಿಗೆ ಒಂದೆರಡು ಮಾತ್ರೆ ಹೆಚ್ಚಾದರೂ ಅದನ್ನು ಹಾಡಲು ಬರುವುದಿಲ್ಲ. ಆದಿಪ್ರಾಸವಿದ್ದ ಕಡೆಗಳಲ್ಲಿ ಪ್ರಾಸವೂ ಹೋಗಿತ್ತು.

ಇದಕ್ಕಿಂತ ದೊಡ್ಡ ಹಾನಿ ‘ನಕಲು’ ಎಂಬ ಲೆಕ್ಕದಲ್ಲಿ ನಡೆದಿತ್ತು. ಒಂದೇ ಪದವನ್ನು ಬೇರೆ ಬೇರೆ ಊರಿನ ಇಬ್ಬರು ಹಾಡಿದಾಗ ಸಾಲುಗಳು ಹೆಚ್ಚುಕಡಿಮೆಯಾಗುತ್ತವೆ, ಹೆಸರುಗಳು ಬದಲಾಗುತ್ತವೆ, ಒಬ್ಬಳು ಹೇಳಿದ ನುಡಿಯನ್ನು ಇನ್ನೊಬ್ಬಳು ಬಿಟ್ಟಿರುತ್ತಾಳೆ. ಜನಪದದಲ್ಲಿ ಕೆಲಸ ಮಾಡುವವರಿಗೆ ಈ ಪಾಠಾಂತರಗಳೇ ಬಂಡವಾಳ. ಸಾಧನವು ಇಂಥ ಪಾಠಗಳನ್ನು ಒಂದರೊಳಗೊಂದು ಬೆರೆಸಿ, ಯಾವ ಊರಿನಲ್ಲೂ ಯಾರೂ ಹಾಡದ ಹೊಸ ಪಾಠವೊಂದನ್ನು ಕಟ್ಟಿ, ಹಾಡಿದವರ ಹೆಸರುಗಳ ಪೈಕಿ ಒಂದನ್ನು ಮಾತ್ರ ಕೆಳಗೆ ಉಳಿಸಿತ್ತು. ಅದು ಮಾಡಿದ ವಿಂಗಡಣೆಯನ್ನೂ ಹೇಳಬೇಕು: ರಿವಾಯತ್ ಪದಗಳೆಲ್ಲ ‘ಇಸ್ಲಾಂ’ ಎಂಬ ಕಡತಕ್ಕೂ, ತತ್ವಪದಗಳೆಲ್ಲ ‘ಹಿಂದೂ ಭಕ್ತಿ’ ಎಂಬ ಕಡತಕ್ಕೂ ಹೋಗಿದ್ದವು. ನಮ್ಮ ಭಾಗದ ಹಳ್ಳಿಗಳಲ್ಲಿ ಮೊಹರಂಗೆ ಕರಬಲಾದ ಪದ ಹಾಡುವವರೇ ಅಮವಾಸ್ಯೆಯ ಭಜನೆಯಲ್ಲಿ ತತ್ವಪದ ಹಾಡುತ್ತಾರೆಂಬುದನ್ನು ಬಲ್ಲ ಯಾರೂ ಹಾಗೆ ಗೆರೆ ಎಳೆಯುತ್ತಿರಲಿಲ್ಲ.

ಶಾಸನಪಾಠಗಳ ಗತಿ ಬೇರೆ ಬಗೆಯದು. ಹಳಗನ್ನಡ ಶಾಸನಗಳಲ್ಲಿ ಬರುವ ಱ ಮತ್ತು ೞ ಅಕ್ಷರಗಳನ್ನು ಅದು ಕಾಗುಣಿತದ ತಪ್ಪೆಂದು ಬಗೆದು ರ ಮತ್ತು ಳ ಎಂದು ತಿದ್ದಿತ್ತು. ‘ಪೊೞಲ್’ (ಪಟ್ಟಣ) ಹೋಗಿ ‘ಪೊಳಲ್’ ಆದರೆ ಓದುಗನಿಗೆ ಅರ್ಥವೇನೋ ಆಗಬಹುದು. ಆದರೆ ೞಕಾರ ಎಲ್ಲಿ ಉಳಿದಿದೆ, ಎಲ್ಲಿ ಳಕಾರದೊಳಗೆ ಲೀನವಾಗಿದೆ ಎಂಬುದು ಕಾಲನಿರ್ಣಯಕ್ಕೆ ಆಧಾರವಾಗುವ ಕುರುಹುಗಳಲ್ಲಿ ಒಂದು. ‘ಅಱಿ’ ಎಂದರೆ ತಿಳಿ, ‘ಅರಿ’ ಎಂದರೆ ಕತ್ತರಿಸು; ಹೀಗಿರುವಾಗ ಒಂದು ಅಕ್ಷರ ಬದಲಾದರೆ ಸಾಲಿನ ಅರ್ಥವೇ ಬೇರೆಯಾದೀತು. ಕಲ್ಲು ಸವೆದು ಓದಲಾಗದ ಕಡೆ ನಾನು ಚುಕ್ಕಿಗಳನ್ನು ಇಟ್ಟಿದ್ದೆ, ಊಹೆಯಿಂದ ತುಂಬಿದ ಅಕ್ಷರಗಳನ್ನು ಚೌಕ ಕಂಸದಲ್ಲಿ ಹಾಕಿದ್ದೆ. ಸಾಧನವು ಕಂಸಗಳನ್ನು ತೆಗೆದುಹಾಕಿ, ಚುಕ್ಕಿಗಳಿದ್ದ ಕಡೆ ತಾನೇ ಅಕ್ಷರ ತುಂಬಿ, ವಾಕ್ಯವನ್ನು ಪೂರ್ಣಗೊಳಿಸಿತ್ತು. ಕಲ್ಲಿನ ಮೇಲೆ ಇರುವುದು ಯಾವುದು, ನನ್ನ ಊಹೆ ಯಾವುದು, ಯಂತ್ರದ ಸೃಷ್ಟಿ ಯಾವುದು ಎಂದು ಈಗ ಆ ಪ್ರತಿಯಿಂದ ತಿಳಿಯುವಂತಿಲ್ಲ. ಶಾಸನದ ವಿಷಯದಲ್ಲಿ ಇದಕ್ಕಿಂತ ಕೆಟ್ಟದ್ದು ಆಗಲು ಸಾಧ್ಯವಿಲ್ಲವೆಂದೇ ನನ್ನ ಅಭಿಪ್ರಾಯ.

ವರ್ಷಗಳ ಲೆಕ್ಕದಲ್ಲಿ ಎರಡು ತಪ್ಪುಗಳನ್ನು ಮಾತ್ರ ಹೇಳುತ್ತೇನೆ. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನು 1076ರಲ್ಲಿ ತನ್ನದೇ ಚಾಲುಕ್ಯ ವಿಕ್ರಮ ಶಕೆಯನ್ನು ಆರಂಭಿಸಿದ್ದರಿಂದ, ನನ್ನ ಒಂದು ಶಾಸನಪಾಠದಲ್ಲಿದ್ದ ಆ ಶಕೆಯ 37ನೆಯ ವರ್ಷವೆಂದರೆ 1112–13 ಆಗುತ್ತದೆ. ಸಾಧನವು ಇದನ್ನು ಉತ್ತರ ಭಾರತದ ವಿಕ್ರಮ ಸಂವತ್ (ಕ್ರಿಸ್ತಪೂರ್ವ 57ರಿಂದ ಎಣಿಸುವ ಶಕೆ) ಎಂದು ತಿಳಿದು, ಶಾಸನವನ್ನು ಕ್ರಿಸ್ತಪೂರ್ವ 1ನೆಯ ಶತಮಾನಕ್ಕೆ ಒಯ್ದಿತ್ತು. ಇದು ನಗೆಪಾಟಲಿನ ತಪ್ಪು. ಕಣ್ಣಿಗೆ ಬಿದ್ದ ಕೂಡಲೇ ತಿಳಿಯುತ್ತದೆ, ಆದ್ದರಿಂದ ಅಪಾಯವಿಲ್ಲ. ಅಪಾಯವಿದ್ದದ್ದು ಇನ್ನೊಂದರಲ್ಲಿ. ಹೈದರಾಬಾದ್ ಸಂಸ್ಥಾನದ ಕಾಗದಗಳಲ್ಲಿ ಬರುವುದು ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಫಸಲಿ ವರ್ಷ. ಅದಕ್ಕೆ ಸುಮಾರು 590 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಫಸಲಿ 1347 ಎಂದಿದ್ದ ಜಮೀನಿನ ಟಿಪ್ಪಣಿಯಲ್ಲಿ ‘ಫಸಲಿ’ ಎಂಬ ಪದವನ್ನು ಬಿಟ್ಟು 1347 ಎಂದಷ್ಟೇ ಉಳಿಸಿದ ಸಾಧನ, ಅದನ್ನು ‘ಬಹಮನಿ ಕಾಲ’ ಎಂಬ ಕಡತಕ್ಕೆ ಸೇರಿಸಿತ್ತು. ಬಹಮನಿ ರಾಜ್ಯ ಸ್ಥಾಪನೆಯಾದದ್ದು ಸರಿಯಾಗಿ 1347ರಲ್ಲೇ ಆದ್ದರಿಂದ, ಕಲಬುರಗಿಯ ಇತಿಹಾಸ ಬಲ್ಲವರಿಗೂ ಆ ಅಂಕಿ ಸಹಜವಾಗಿಯೇ ಕಾಣುತ್ತದೆ. 1937–38ರ ಕಾಗದವೊಂದು ಹೀಗೆ ಆರು ಶತಮಾನ ಹಿಂದಕ್ಕೆ ಸರಿದು, ಯಾರ ಅನುಮಾನಕ್ಕೂ ಸಿಗದೆ ಕುಳಿತಿತ್ತು.

ಊರಿನ ಹೆಸರುಗಳೂ ಇದೇ ದಾರಿ ಹಿಡಿದವು. 2014ರ ನವೆಂಬರ್ 1ರಂದು ಗುಲಬರ್ಗಾ ಅಧಿಕೃತವಾಗಿ ಕಲಬುರಗಿಯಾಯಿತು. ಅದಕ್ಕೆ ಮುಂಚಿನ ಪುಸ್ತಕಗಳ ಶೀರ್ಷಿಕೆಯಲ್ಲೂ, ಇಂದಿಗೂ ಹಳೆಯ ಹೆಸರಿನಲ್ಲೇ ಇರುವ ಗುಲಬರ್ಗಾ ವಿಶ್ವವಿದ್ಯಾಲಯದ ಉಲ್ಲೇಖದಲ್ಲೂ ಸಾಧನವು ಕಲಬುರಗಿ ಎಂದೇ ಬರೆದಿತ್ತು. ಆ ಶೀರ್ಷಿಕೆಯನ್ನು ನಂಬಿ ಗ್ರಂಥಾಲಯದಲ್ಲಿ ಹುಡುಕಿದರೆ ಪುಸ್ತಕ ಸಿಗುವುದಿಲ್ಲ.

ಹೀಗೇಕಾಗುತ್ತದೆ ಎಂಬುದು ತಿಳಿದಿದ್ದರೆ ಮುಂದಿನ ಎಚ್ಚರಿಕೆ ಸುಲಭ. ಈ ಸಾಧನಗಳ ಒಳಗಿರುವ ಭಾಷಾ ಮಾದರಿಯು ನಾವು ಬರೆದುದನ್ನು ಇದ್ದ ಹಾಗೇ ಎತ್ತಿಡುವುದಿಲ್ಲ. ಅದನ್ನು ಓದಿಕೊಂಡು, ಮುಂದೆ ಯಾವ ಪದ ಬರುವ ಸಂಭವ ಹೆಚ್ಚೋ ಅದನ್ನು ಆರಿಸುತ್ತ ಮತ್ತೆ ಹೊಸದಾಗಿ ಬರೆಯುತ್ತದೆ. ಅದು ಕಲಿತ ಕನ್ನಡದಲ್ಲಿ ಪತ್ರಿಕೆಯ ಶಿಷ್ಟಭಾಷೆಯೇ ಹೆಚ್ಚು. ಕಲಬುರಗಿಯ ಆಡುಮಾತೂ ಶಾಸನದ ಹಳಗನ್ನಡವೂ ಅತ್ಯಲ್ಪ. ಆದ್ದರಿಂದ ಅಪರೂಪದ್ದೆಲ್ಲ ಅದರ ಕಣ್ಣಿಗೆ ತಪ್ಪಾಗಿ ಕಾಣುತ್ತದೆ. ಇದರ ಜೊತೆಗೆ, ಪಠ್ಯವನ್ನು ಅದು ತುಣುಕುಗಳಾಗಿ ಒಡೆದು ಓದುವಾಗ ಕನ್ನಡದ ಪದಗಳು ಇಂಗ್ಲಿಷಿಗಿಂತ ಹೆಚ್ಚು ತುಣುಕುಗಳಾಗುವುದರಿಂದ, ಒಂದು ಸಲಕ್ಕೆ ಓದಬಲ್ಲ ಮಿತಿ ಬೇಗ ಮುಗಿಯುತ್ತದೆ. ನನ್ನ ಉದ್ದನೆಯ ಟಿಪ್ಪಣಿಗಳಲ್ಲಿ ಕೊನೆಯ ಭಾಗವೇ ಇಲ್ಲವಾದದ್ದು ಇದರಿಂದಲೇ ಇರಬೇಕು. ಯೂನಿಕೋಡ್ (ಎಲ್ಲ ಸಾಧನಗಳಲ್ಲೂ ಒಂದೇ ರೀತಿ ಓದಲಾಗುವ ಅಕ್ಷರಸಂಕೇತ) ಕನ್ನಡದಲ್ಲಿ ರೂಢಿಗೆ ಬರುವ ಮುಂಚಿನ ನುಡಿ ಫಾಂಟಿನಲ್ಲಿ ಟೈಪು ಮಾಡಿದ ಕಡತಗಳು ಆ ಫಾಂಟಿಲ್ಲದೆ ಇಂಗ್ಲಿಷ್ ಅಕ್ಷರಗಳ ಗೋಜಲಿನಂತೆ ಕಾಣುತ್ತವೆ. ಅವನ್ನೆಲ್ಲ ಸಾಧನ ‘ಹಾಳಾದ ಕಡತ’ ಎಂದು ಕಸದ ಬುಟ್ಟಿಗೆ ಹಾಕಿತ್ತು.

ಮೊಬೈಲಿನಲ್ಲಾದರೂ ಹಳೆಯ ಪ್ರತಿ ಇರಬಹುದೆಂದು ನೋಡಿದರೆ ಅಲ್ಲಿಯೂ ಹೊಸದೇ ಇತ್ತು. ಸಿಂಕ್ ವ್ಯವಸ್ಥೆ ಇರುವುದೇ ಒಂದು ಕಡೆಯ ಬದಲಾವಣೆಯನ್ನು ಎಲ್ಲ ಕಡೆ ಮುಟ್ಟಿಸಲಿಕ್ಕೆ. ಅದನ್ನು ಬ್ಯಾಕಪ್ ಎಂದು ತಿಳಿಯಬಾರದು. ಕಂಪನಿಗೆ ಬರೆದಾಗ, ಮೂಲಪಾಠವನ್ನು ತಾವು ಇಟ್ಟುಕೊಳ್ಳುವುದಿಲ್ಲವೆಂದೂ ಕಸದ ಬುಟ್ಟಿಯ ಅವಧಿ ಮುಗಿದಿದೆಯೆಂದೂ ವಿನಯದಿಂದಲೇ ಉತ್ತರ ಬಂತು. ನೋಟ್‌ಬುಕ್ಕುಗಳಲ್ಲಿ ಇದ್ದದ್ದನ್ನು ಮತ್ತೆ ಸರಿಪಡಿಸುತ್ತಿದ್ದೇನೆ, ಧ್ವನಿಮುದ್ರಣ ಇರುವ ಪದಗಳನ್ನು ಕೇಳಿ ಮತ್ತೆ ಬರೆಯುತ್ತಿದ್ದೇನೆ. ನೇರವಾಗಿ ಮೊಬೈಲಿಗೆ ಬರೆದುಕೊಂಡವುಗಳಿಗೆ ಮಾತ್ರ ಬೇರೆ ಮೂಲವಿಲ್ಲ.

ಎಐ ಸಾಧನವನ್ನು ಬಳಸಲೇಬಾರದೆಂದು ನಾನು ಹೇಳುವುದಿಲ್ಲ. ಯಾವ ವಿಷಯ ಯಾವ ಟಿಪ್ಪಣಿಯಲ್ಲಿದೆ ಎಂಬ ಸೂಚಿ ತಯಾರಿಸುವುದರಲ್ಲಿ ಅದು ನಿಜಕ್ಕೂ ಉಪಯುಕ್ತ. ಆದರೆ ಆ ಸೂಚಿ ಬೇರೆಯದೇ ಕಡತದಲ್ಲಿರಲಿ, ಮೂಲವನ್ನು ಮುಟ್ಟದಿರಲಿ. ಮೊದಲು ಎಲ್ಲ ಟಿಪ್ಪಣಿಗಳನ್ನು ಹೊರತೆಗೆದು (ಗೂಗಲ್ ಕೀಪ್ ಬಳಸುವವರು ಗೂಗಲ್ ಟೇಕ್‌ಔಟ್ ಮೂಲಕ ಇದನ್ನು ಮಾಡಬಹುದು) ಇಂಟರ್‌ನೆಟ್ಟಿಗೆ ಸೇರದ ಒಂದು ಹಾರ್ಡ್ ಡಿಸ್ಕಿಗೆ ಹಾಕಿ ತೆಗೆದಿಡಿ, ಸಾಧನಕ್ಕೆ ಅದರ ಒಂದು ನಕಲನ್ನು ಮಾತ್ರ ಕೊಡಿ. ಓದುವ ಅನುಮತಿಯನ್ನಷ್ಟೇ ಕೊಡಲು ಅವಕಾಶವಿಲ್ಲದ ಸಾಧನವನ್ನು ಬಿಟ್ಟುಬಿಡಿ, ಅದು ಎಷ್ಟೇ ಹೆಸರುವಾಸಿಯಾಗಿರಲಿ. ಮಾಹಿತಿದಾರರ ಹೆಸರು, ಫೋನ್ ನಂಬರು, ಸರ್ವೆ ನಂಬರು, ಆಧಾರ್ ವಿವರಗಳಿರುವ ಟಿಪ್ಪಣಿಗಳನ್ನು ಆ ನಕಲಿನಿಂದಲೂ ಹೊರಗಿಡಿ. ಅವರು ಮಾಹಿತಿ ಕೊಟ್ಟದ್ದು ನಮಗೆ, ಎಲ್ಲಿಯದೋ ಸರ್ವರಿಗಲ್ಲ.

ಈಗಾಗಲೇ ಇಂಥ ಸಾಧನಕ್ಕೆ ಟಿಪ್ಪಣಿಗಳನ್ನು ಕೊಟ್ಟಿರುವವರು ಮೊದಲು ಸಿಂಕ್ ನಿಲ್ಲಿಸಿ, ಆ ಬಳಿಕ ತಮ್ಮ ಸಂಗ್ರಹದಲ್ಲಿ ೞ ಮತ್ತು ಱ ಅಕ್ಷರಗಳನ್ನು, ‘ಫಸಲಿ’, ‘ಹಿಜರಿ’, ‘ಶಕ’ ಎಂಬ ಕಾಲಗಣನೆಯ ಪದಗಳನ್ನು, ಚೌಕ ಕಂಸಗಳನ್ನು, ತಮ್ಮ ಊರಿನ ಆಡುಮಾತಿನ ಒಂದೆರಡು ರೂಪಗಳನ್ನು ಹುಡುಕಿ ನೋಡಬೇಕು. ಇರಬೇಕಾದ ಕಡೆ ಅವು ಸಿಗದಿದ್ದರೆ ಕೂಡಲೇ ಕಸದ ಬುಟ್ಟಿಯನ್ನೂ ಹಳೆಯ ಆವೃತ್ತಿಗಳ ಪಟ್ಟಿಯನ್ನೂ ತೆರೆಯಿರಿ: ಗೂಗಲ್ ಕೀಪ್‌ನಲ್ಲಿ ಅಳಿಸಿದ ಟಿಪ್ಪಣಿ 7 ದಿನ, ಗೂಗಲ್ ಡ್ರೈವ್‌ನಲ್ಲಿ ಅಳಿಸಿದ ಕಡತ 30 ದಿನ ಉಳಿದಿರುತ್ತದೆ, ಬೇರೆ ಸೇವೆಗಳ ಅವಧಿಯನ್ನು ಅವುಗಳ ಸಹಾಯ ಪುಟದಲ್ಲಿ ನೋಡಿಕೊಳ್ಳಿ.