ಬ್ಯಾರೇಜ್ ಬಲೂನು: ಹಳೇ ಸರಕು, ಈಗೆಷ್ಟು ಉಪಯೋಗ?

ಬ್ಯಾರೇಜ್ ಬಲೂನೆಂದರೆ, ಕೆಳಗೆ ಹಾರಿಬರುವ ಶತ್ರುವಿಮಾನಗಳನ್ನು ತಡೆಯಲು ನೆಲಕ್ಕೆ ಹಗ್ಗ ಕಟ್ಟಿ ತೇಲಿಬಿಡುವ ದೊಡ್ಡ ಬಲೂನು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಹಾರಿಸಿದ ಎಲ್‌ಝಡ್ (ಕಡಿಮೆ ಎತ್ತರದ) ಮಾದರಿ ಸುಮಾರು 62 ಅಡಿ ಉದ್ದ. ಹೊಟ್ಟೆ ತುಂಬ ಜಲಜನಕ. ಲಾರಿ ಮೇಲಿನ ವಿಂಚಿನಿಂದ (ಹಗ್ಗ ಸುತ್ತಿ ಬಿಡುವ ಯಂತ್ರ) 5,000 ಅಡಿವರೆಗೆ ಏರಿಸುತ್ತಿದ್ದರು. ಬಲೂನು ಬರೀ ಹೊರೆಯಾಳು, ನಿಜವಾದ ಆಯುಧ ಉಕ್ಕಿನ ಹಗ್ಗ. ರೆಕ್ಕೆ ತಗುಲಿದರೆ ಹಗ್ಗ ಎರಡೂ ತುದಿಯಲ್ಲಿ ಕಡಿದು, ಪುಟ್ಟ ಪ್ಯಾರಾಚೂಟುಗಳು ಬಿಚ್ಚಿಕೊಂಡು ವಿಮಾನವನ್ನು ಹಿಂದಕ್ಕೆಳೆಯುತ್ತವೆ. 1944ರಲ್ಲಿ ಜರ್ಮನರ ಸುಮಾರು 230 ವಿ-1 ಹಾರುಬಾಂಬುಗಳು (ಪೈಲಟ್ ಇಲ್ಲದವು) ಈ ಹಗ್ಗಗಳಿಗೆ ಸಿಕ್ಕಿ ಉರುಳಿದವು.

ತೊಂದರೆಗಳೂ ಕಮ್ಮಿಯಿಲ್ಲ. ಸಿಡಿಲಿಗೆ ಹೊತ್ತಿಕೊಳ್ಳುತ್ತದೆ, ಬಿರುಗಾಳಿಗೆ ಕಿತ್ತುಕೊಂಡು ಹೋಗುತ್ತದೆ, ಅನಿಲ ಸೋರುವುದರಿಂದ ಆಗಾಗ ತುಂಬಬೇಕು. ಜರ್ಮನರು ರೆಕ್ಕೆಯಂಚಿಗೆ ಹಗ್ಗ ಕತ್ತರಿಸುವ ಅಲಗನ್ನೂ ಜೋಡಿಸಿದ್ದರು.

ಇವತ್ತು? ನಿಗದಿತ ದಾರಿಯಲ್ಲಿ ಕೆಳಗೆ ಹಾರಿಬರುವ, ಇರಾನಿನ ಶಾಹೆದ್‌ನಂಥ ದಾಳಿ ಡ್ರೋನಿನೆದುರು, ವಿದ್ಯುತ್ ಸ್ಥಾವರದ ಸುತ್ತಲಿನ ಕೊನೆಯ ಬೇಲಿಯಾಗಿ ಸರಿ. ಇಡೀ ನಗರಕ್ಕೆ ದಂಡ. ಡ್ರೋನು ಎರಡು ಕಿ.ಮೀ. ಮೇಲೇರಿದರೆ ಹಗ್ಗ ಮುಟ್ಟುವುದೇ ಇಲ್ಲ.